ಮೂರಕ್ಕೂ ನಾಲ್ಕಕ್ಕೂ ನಡುವೆ

ಬೆಳಕು ಹರಿಯುವ ಹೊತ್ತು. ಹಳೆಯ ಸೇತುವೆಯ ನಾಲ್ಕನೇ ಕಂಬಕ್ಕೆ ಒರಗಿಸಿದ ಏಣಿಯ ಮೇಲೆ ನಿಂತು, ಬಿರುಕಿಗೆ ಅಡ್ಡಲಾಗಿ ಅಂಟಿಸಿರುವ ಅಳತೆಪಟ್ಟಿಗೆ ಟಾರ್ಚ್ ಹಿಡಿದಿದ್ದಾರೆ ಒಬ್ಬ ಹೆಂಗಸು. ಪಟ್ಟಿಯ ನಡುವೆ ಸೊನ್ನೆ. ಬಲಕ್ಕೆ ಒಂದು, ಎರಡು, ಮೂರು, ಹೀಗೆ ಮಿಲಿಮೀಟರ್ ಗುರುತುಗಳು. ಎಡಕ್ಕೂ ಅವೇ ಅಂಕಿಗಳು, ಮುಂದೊಂದು ಋಣ ಚಿಹ್ನೆ. ಬಿರುಕು ಅಗಲವಾದರೆ ಕೆಂಪು ಗೆರೆ ಬಲಕ್ಕೆ ಸರಿಯುತ್ತದೆ, ಮುಚ್ಚಿಕೊಂಡರೆ ಎಡಕ್ಕೆ. ಒಮ್ಮೆ ಓದಿ ಬರೆದುಕೊಂಡವರು ಪಟ್ಟಿಯ ಮೇಲಿನ ಗಾಜು ಒರೆಸಿ ಮತ್ತೆ ಓದುತ್ತಾರೆ.

"ನನ್ ಕಣ್ಣನ್ನೇ ನಾನು ನಂಬಲ್ಲ. ಇನ್ನು ಸೇತುವೇನ ನಂಬ್ತೀನಾ?"

ಹನ್ನೊಂದು ವರ್ಷಗಳಿಂದ ಇದೇ ಕೆಲಸ, ದಿನಕ್ಕೆ ಇಪ್ಪತ್ತಾರು ಪಟ್ಟಿ. ಏಣಿ ಹತ್ತಿಳಿದು ಮಂಡಿ ಸವೆದಿದೆ. ಓದಿದ್ದು ಏಳನೇ ತರಗತಿ. ಅಂಟು ಸಡಿಲಾಗಿ ಸೊನ್ನೆಯೇ ಜರುಗಿದೆಯೇನೋ ಎಂದು ಮೊದಲು ಅದನ್ನು ನೋಡುವುದರಿಂದ ಕೆಲಸಗಾರರ ಬಾಯಲ್ಲಿ ಅವರು 'ಸೊನ್ನೆಯಕ್ಕ'. "ಮನೇಲಿ ಹಾಲಿನ ಅಳತೆ ಲೋಟಾನೂ ತಿರುಗಿಸಿ ತಳ ನೋಡ್ತಾಳೆ," ಎಂದು ಗಂಡ ನಗುತ್ತಾರೆ.

ಹೋದ ವರ್ಷ ಕಾಲು ಉಳುಕಿ ಇಪ್ಪತ್ತು ದಿನ ಮನೆಯಲ್ಲಿದ್ದರು. ಮರಳಿ ಬಂದು ಪುಸ್ತಕ ತೆರೆದರೆ, ಬದಲಿಗೆ ಬಂದಾತ ಈ ಕಂಬಕ್ಕೆ ಇಪ್ಪತ್ತು ದಿನವೂ 'ಮೂರು' ಎಂದೇ ಬರೆದಿದ್ದ.

"ಬಿರುಕು ಚಳಿಗೆ ಬಾಯಿ ಬಿಡತ್ತೆ, ಬಿಸಿಲಿಗೆ ಮುಚ್ಕೊಳತ್ತೆ. ಅಷ್ಟು ದಿನ ಸರಿಯಾಗಿ ಮೂರರ ಮೇಲೇ ಕೂತಿರತ್ತಾ? ಅಲ್ಲೇ ಅನುಮಾನ ಬಂತು."

ಏಣಿ ಹತ್ತಿದರು. ಗೆರೆ ಮೂರು ಮುಕ್ಕಾಲಿನಲ್ಲಿತ್ತು. ಮೇಸ್ತ್ರಿ ತಲೆಕೆಡಿಸಿಕೊಳ್ಳಲಿಲ್ಲ. "ಮೂರಾದ್ಮೇಲೆ ನಾಲ್ಕೇ ಅಲ್ವೇನಮ್ಮ? ನಾಲ್ಕಾದಾಗ ಹೇಳು."

"ಮೂರಕ್ಕೂ ನಾಲ್ಕಕ್ಕೂ ಮಧ್ಯ ಎಷ್ಟು ಅಂಕಿ ಬೇಕಾದ್ರೂ ಹಿಡಿಸತ್ತೆ ಮೇಸ್ತ್ರಿ. ಸೇತುವೆ ನಾಲ್ಕಾಗ್ಲಿ ಅಂತ ಕಾಯತ್ತಾ?"

ಭೂತಗನ್ನಡಿ ಹಿಡಿದು ನಾಲ್ಕು ದಿನ ಓದಿದರು: 3.75, 3.80, 3.84, 3.87. ಬಿಸಿಲೇರಿದರೂ ಗೆರೆ ಹಿಂದೆ ಸರಿಯಲಿಲ್ಲ. ಪುಸ್ತಕವನ್ನು ನೇರ ಎಂಜಿನಿಯರರ ಮೇಜಿನ ಮೇಲಿಟ್ಟರು. ಅವರಿಗೂ ಅನುಮಾನವೇ, ಆದರೆ ಈಕೆಯ ಮೇಲೆ. "ಕೂತಲ್ಲೇ ಬರೆದಿಲ್ಲ ತಾನೇ?"

"ನನ್ನ ನಂಬಬೇಡಿ ಸಾರ್. ಏಣಿ ಹತ್ತಿ."

ಹತ್ತಿದರು. ಗಾರೆ ಕೆರೆಸಿದಾಗ ಒಳಗಿನ ಕಂಬಿ ತುಕ್ಕು ಹಿಡಿದು ಕಡ್ಡಿಯಂತಾಗಿತ್ತು. ಅಂದು ಮಧ್ಯಾಹ್ನವೇ ಬಸ್ಸುಗಳು ನಿಂತವು. ದುರಸ್ತಿಗೆ ನಾಲ್ಕು ತಿಂಗಳು ಹಿಡಿಯಿತು. ಪತ್ರಿಕೆಯಲ್ಲಿ ಬಂದದ್ದು ಎಂಜಿನಿಯರರ ಫೋಟೊ. ಬದಲಿಯಾತ ಮಾತ್ರ ಸೊನ್ನೆಯಕ್ಕನ ಮನೆಗೇ ಬಂದು, ಏಣಿ ಕಂಡರೆ ತಲೆ ಸುತ್ತುತ್ತದೆಂದು ಒಪ್ಪಿಕೊಂಡ.

ಈಗ ಕಂಬ ಗಟ್ಟಿಯಾಗಿದೆ, ಹೊಸದಾಗಿ ಅಂಟಿಸಿದ ಪಟ್ಟಿಯಲ್ಲಿ ಗೆರೆ ಸೊನ್ನೆಯ ಆಚೀಚೆ ಕೂದಲೆಳೆಯಷ್ಟು ಆಡುತ್ತದೆ. ಆದರೂ ದಿನವೂ ಎರಡೆರಡು ಸಲ ಓದುವುದೇಕೆ?

ತಲೆಯ ಮೇಲೆ ಬಸ್ಸೊಂದು ಗುಡುಗಿಕೊಂಡು ಹಾದುಹೋಗುತ್ತದೆ. ಅವರು ಮೇಲೆ ನೋಡುತ್ತಾರೆ.

"ನಮ್ಮಕ್ಕ ದಿನಾ ಬಸ್ಸಲ್ಲಿ ಕೆಲ್ಸಕ್ಕೆ ಹೋಗೋದು ಈ ಸೇತುವೆ ಮೇಲೇ. ಸೇತುವೆ ಮುಗಿಯೋವರೆಗೂ ಕಿಟಕಿಗೆ ತಲೆ ಕೊಟ್ಟು ನಿದ್ದೆ ಮಾಡ್ತಾಳಂತೆ. ಮಾಡ್ಲಿ ಬಿಡಿ."