ಅಣ್ಣನ ಮುಂದೆ ನಾನಾಡಿದ ಮಾತು

ಸ್ಟೆಲ್ಲಾ ಅಕ್ಕ ನನ್ನನ್ನು ಯಾವತ್ತೂ ಬಲವಂತ ಮಾಡಿರಲಿಲ್ಲ. ಪ್ರಾರ್ಥನೆಗೆ ನಾನಾಗಿಯೇ ಹೋಗಿದ್ದೆ. ಆದರೂ ಅಣ್ಣನ ಮುಂದೆ, ಮನೆ ಓನರ್ ಮುಂದೆ, ಅವರೇ ಎಳೆದುಕೊಂಡು ಹೋದರು ಎಂದೆ. ಅದು ಸುಳ್ಳು ಎಂದು ಇಷ್ಟು ವರ್ಷ ಯಾರಿಗೂ ಹೇಳಲಿಲ್ಲ.

ಆಗ ನಾವು ಸುದ್ದಗುಂಟೆಪಾಳ್ಯದ ಒಂದು ವಠಾರದಲ್ಲಿದ್ದೆವು — ನಾನು, ಗಂಡ, ಶಾಲೆಗೆ ಹೋಗುವ ಮಗಳು. ಡ್ಯೂಟಿ ಎಂದು ವಾರಗಟ್ಟಲೆ ಹೊರಗಿರುತ್ತಿದ್ದ ಗಂಡನಿಗೆ ಜೆ.ಪಿ. ನಗರದಲ್ಲಿ ಇನ್ನೊಂದು ಸಂಸಾರವಿತ್ತು. ಕೇಳಿದರೆ, "ಗೊತ್ತಾಯ್ತಲ್ಲ, ಇನ್ನೇನು" ಎಂದು ಬಟ್ಟೆ ತುಂಬಿಕೊಂಡು ಹೊರಟೇಹೋದ. ಅವನ ಮನೆಯವರಿಗೆಲ್ಲ ಮೊದಲೇ ಗೊತ್ತಿತ್ತಂತೆ. ಹಬ್ಬಕ್ಕೆ ಬಂದು ನಾನು ಬಡಿಸಿದ ಹೋಳಿಗೆ ತಿಂದು ಹೋದವರು — ಅವರಿಗೆಲ್ಲ.

ನನಗೆ ನಿದ್ದೆ ಹತ್ತದಾಯಿತು. ಪಕ್ಕದ ಮನೆಯ ಸ್ಟೆಲ್ಲಾ ಅಕ್ಕ, ಗಂಡ ತೀರಿಹೋದ ಮೇಲೆ ಬ್ಲೌಸ್ ಹೊಲಿದು ಬದುಕುತ್ತಿದ್ದವರು, ಏನೂ ಕೆದಕದೆ ಮಗಳಿಗೆ ತಿಂಡಿ ಕೊಟ್ಟು ಶಾಲೆಗೆ ಕಳಿಸುತ್ತಿದ್ದರು. ಒಂದು ಭಾನುವಾರ ಅವರು ಪ್ರಾರ್ಥನೆಗೆ ಹೊರಟಾಗ, "ನಾನೂ ಬರ್ಲಾ ಅಕ್ಕ?" ಎಂದೆ.

"ನಿಮ್ಮಣ್ಣಂಗೆ ಗೊತ್ತಾದ್ರೆ ಬೇಜಾರಾಗಲ್ವಾ?" ಎಂದರು. ಅಷ್ಟು ಎಚ್ಚರಿಸಿದ್ದರು ಅವರು.

ಅಂಗಡಿಯೊಂದರ ಮೇಲಿನ ಸಣ್ಣ ಹಾಲ್ ಅದು. ಅಕ್ಕ ನನ್ನ ತಲೆಯ ಮೇಲೆ ಕೈಯಿಟ್ಟು, "ಕರ್ತನೇ, ಈ ಮಗಳು ಇವತ್ತಾದ್ರೂ ನಿದ್ದೆ ಮಾಡ್ಲಿ" ಎಂದರು. ಬೇರೇನೂ ಬೇಡಲಿಲ್ಲ — ಗಂಡ ವಾಪಸ್ ಬರಲಿ ಅಂತಲೂ. ಆ ಮಧ್ಯಾಹ್ನ ಮಲಗಿದವಳು ಕತ್ತಲಾದ ಮೇಲೆ ಎದ್ದೆ. ಆಮೇಲೆ ಪ್ರತಿ ವಾರ ಹೋದೆ. ಗಂಡನನ್ನು ಶಪಿಸುವುದು ತಾನಾಗಿಯೇ ಕಡಿಮೆಯಾಯಿತು. ತನ್ನ ಶಿಷ್ಯನೇ ಶತ್ರುಗಳಿಗೆ ಹಿಡಿದುಕೊಟ್ಟ ಯೇಸುವಿಗೆ ನನ್ನ ನೋವನ್ನು ಬಿಡಿಸಿ ಹೇಳಬೇಕಿಲ್ಲ ಅನ್ನಿಸುತ್ತಿತ್ತು.

ಸುದ್ದಿ ಹನುಮಂತನಗರಕ್ಕೆ, ಅಣ್ಣನ ಮನೆಗೆ ಮುಟ್ಟಿತು. ಲಿಂಗಪೂಜೆ ಮಾಡದೆ ತಿಂಡಿ ಮುಟ್ಟದವನು ನನ್ನಣ್ಣ. ಓನರನ್ನೂ ಜೊತೆಗೆ ಕರೆದುಕೊಂಡು ಬಂದ. ಸ್ಟೆಲ್ಲಾ ಅಕ್ಕನನ್ನು ಹೊರಗೆ ಕರೆಸಿದ.

"ನೀನೇ ಹೋದ್ಯಾ, ಇವರು ಕರ್ಕೊಂಡು ಹೋದ್ರಾ? ಹೇಳು ಗಿರಿಜಾ."

ಅಕ್ಕ ನನ್ನನ್ನೇ ನೋಡುತ್ತಿದ್ದರು. ಭಯವಿಲ್ಲದೆ ನೋಡುತ್ತಿದ್ದರು — ನಾನು ನಿಜ ಹೇಳುತ್ತೇನೆ ಎಂಬ ನಂಬಿಕೆಯಿಂದ.

"ಅಕ್ಕನೇ ಬಲವಂತ ಮಾಡಿದ್ರು" ಎಂದೆ.

ತಿಂಗಳೊಳಗೆ ಮನೆ ಖಾಲಿ ಮಾಡಿ ಎಂದು ಅಕ್ಕನಿಗೆ ಹೇಳಿದರು ಓನರ್. ಅವರು ಹೊರಟ ದಿನ ಹೊಲಿಗೆ ಮಷಿನ್ನು ಟೆಂಪೋಗೆ ಏರಿಸುವ ಸದ್ದು ಕೇಳಿಸಿತು. ನಾನು ಬಾಗಿಲು ತೆಗೆಯಲಿಲ್ಲ. ಬಾಡಿಗೆ ಕೊಡುತ್ತಿದ್ದ ಅಣ್ಣನ ಆಸರೆ ತಪ್ಪಿದ್ದರೆ ನಾನೂ ಮಗಳೂ — ಇಲ್ಲ, ಅದನ್ನು ನೆಪವಾಗಿ ಹೇಳುವುದಿಲ್ಲ.

ಪ್ರಾರ್ಥನೆಯನ್ನು ಮಾತ್ರ ಬಿಡಲಿಲ್ಲ. ಅಕ್ಕ ಸಿಗದ ಬೇರೊಂದು ಸಭೆಗೆ ಕದ್ದುಮುಚ್ಚಿ ಹೋಗುತ್ತಿದ್ದೆ. ಆದರೆ ಕಣ್ಣು ಮುಚ್ಚಿದರೆ ಮೊದಲಿನ ಶಾಂತಿ ಬರುತ್ತಿರಲಿಲ್ಲ. ಅಕ್ಕನ ಮುಖವೇ ಬರುತ್ತಿತ್ತು.

ಕಳೆದ ತಿಂಗಳು ವಿಚಾರಿಸಿಕೊಂಡು ಅರೆಕೆರೆಗೆ ಹೋದೆ. ಅಕ್ಕ ತಮ್ಮ ತಂಗಿಯ ಮನೆಯಲ್ಲಿದ್ದರು. ಒಳಗೆ ಕರೆದರು, ನೀರು ಕೊಟ್ಟರು. ಹೇಳಬೇಕಾದ್ದನ್ನು ಹೇಳಿ ಅತ್ತೆ.

"ನಿನ್ ಗಂಡ ಹೋದಾಗ ನಿಂಗೆ ಹೆಂಗಾಯ್ತೋ, ಅವತ್ತು ನಂಗೂ ಹಂಗೇ ಆಯ್ತು" ಎಂದರು. ನನ್ನ ಕೈಯಿಂದ ಲೋಟ ತೆಗೆದುಕೊಂಡು, "ದೇವರು ಕ್ಷಮಿಸಿರ್ತಾನೆ ಗಿರಿಜಾ. ನನ್ ಕೈಲಿ ಇನ್ನೂ ಆಗಿಲ್ಲ. ಸುಳ್ಳು ಹೇಳೋಕಿಷ್ಟ ಇಲ್ಲ."

ಅಲ್ಲಿಂದ ನೇರ ಹನುಮಂತನಗರಕ್ಕೆ ಹೋದೆ. ಅಣ್ಣ, ಅತ್ತಿಗೆ ಇಬ್ಬರೂ ಇದ್ದರು. ಎಲ್ಲವನ್ನೂ ಹೇಳಿದೆ.

"ಈಗ್ಲೂ ಹೋಗ್ತೀಯಾ ಪ್ರಾರ್ಥನೆಗೆ?" ಎಂದು ಕೇಳಿದ ಅಣ್ಣ.

"ಹೂಂ ಅಣ್ಣ. ಹೋಗ್ತೀನಿ."

ಅವನು ಎದ್ದು ಒಳಗೆ ಹೋದ. ಆಮೇಲೆ ಫೋನ್ ಮಾಡಿಲ್ಲ. ಓನರ್‌ಗೂ ಹೋಗಿ ಹೇಳಿದ್ದೇನೆ.

ಇದನ್ನು ಸ್ಟೆಲ್ಲಾ ಅಕ್ಕನಿಗೆ ತಿಳಿಸಿಲ್ಲ. ತಿಳಿಸಿದರೆ ಕ್ಷಮಿಸಿ ಎಂದು ಮತ್ತೆ ಒತ್ತಾಯ ಮಾಡಿದಂತೆ. ಅವರು ಕ್ಷಮಿಸದೆಯೇ ಇರಲಿ — ಆ ಹಕ್ಕಾದರೂ ಅವರಿಗಿರಲಿ.