ನನ್ನ ಆನ್‌ಲೈನ್ ಕ್ಲಾಸಿನ ಕಂಡಕ್ಟರ್ ತಾತ

“ಇದು ಆಗೋ ಕೆಲ್ಸ ಅಲ್ಲ ಬುಡವ್ವ” ಎಂದು ಮೊದಲ ದಿನವೇ ಹೇಳಿದವರು ಕಂಡಕ್ಟರ್ ತಾತ. ಹಾಗೆ ಹೇಳುವಾಗ ಅವರ ಮುಖ ನನಗೆ ಕಾಣುತ್ತಿರಲಿಲ್ಲ. ಕಾಣುತ್ತಿದ್ದದ್ದು ಒಂದು ಹೆಬ್ಬೆರಳು. ನನ್ನ ಫೋನಿನ ಪರದೆ ತುಂಬ ಹರಡಿಕೊಂಡಿದ್ದ, ಉಗುರಿನ ಅರ್ಧ ಕಪ್ಪಗಾಗಿ ಗಟ್ಟಿಕಟ್ಟಿದ್ದ, ಜೀವಮಾನವಿಡೀ ಟಿಕೆಟ್ ಹರಿದು ಹರಿದು ಒಂದು ಕಡೆಗೆ ವಾಲಿದ್ದ ಹೆಬ್ಬೆರಳು. ಕ್ಯಾಮೆರಾ ಮೇಲೆ ಬೆರಳಿಟ್ಟುಕೊಂಡೇ ಮಾತಾಡುವುದು ಅವರ ಅಭ್ಯಾಸ. “ತಾತ, ಬೆರಳು ತೆಗೀರಿ” ಎಂದು ನಾನು ಹೇಳಬೇಕು, ಅವರು “ಯಾವ ಬೆಳ್ಳು?” ಎಂದು ಕೇಳಬೇಕು. ಆಮೇಲೆಯೇ ನಮ್ಮ ಕ್ಲಾಸು ಶುರು.

ಶಾಲೆಗಳೆಲ್ಲ ಮುಚ್ಚಿದ್ದ ಕಾಲ ಅದು. ನಾನು ಹೊಳೇನರಸೀಪುರ ತಾಲ್ಲೂಕಿನವಳು. ನಮ್ಮ ವಂಶದಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಬಿ.ಎ. ಮುಗಿದ ಮೇಲೆ ಮನೆಯಲ್ಲಿ ಊಟ ಬಿಟ್ಟು, ಮಾತು ಬಿಟ್ಟು, ಅತ್ತು ಕರೆದು ಹಾಸನದಲ್ಲಿ ಡಿ.ಎಡ್.ಗೆ ಸೇರಿಕೊಂಡಿದ್ದೆ. ಅಪ್ಪ ಒಪ್ಪಿದ್ದು ಒಂದೇ ಕರಾರಿನ ಮೇಲೆ. “ಒಂದ್ಸಲಕ್ಕೆ ಪಾಸಾಗ್ಬೇಕು. ಫೇಲಾದ್ರೆ ಮತ್ತೆ ಕಟ್ತೀನಿ ಗಿಟ್ತೀನಿ ಅನ್ನಂಗಿಲ್ಲ, ಗಂಡು ನೋಡ್ತೀನಿ” ಎಂದಿದ್ದರು. ಅಪ್ಪ ಹೇಳಿದರೆ ಹೇಳಿದ ಹಾಗೆ.

ಪಾಸಾಗಬೇಕಾದರೆ ಬೋಧನಾಭ್ಯಾಸ ಮುಗಿಸಬೇಕು. ಎಂದರೆ ಯಾವುದಾದರೂ ಶಾಲೆಯ ಮಕ್ಕಳಿಗೆ ಪಾಠ ಮಾಡಿ ತೋರಿಸಬೇಕು. ಕೊನೆಯ ಪಾಠವನ್ನು ಕಾಲೇಜಿನ ಮೇಡಂ ಕೂತು ನೋಡಿ ಅಂಕ ಹಾಕುತ್ತಾರೆ. ಶಾಲೆಯೇ ಇಲ್ಲದಾಗ ಪಾಠ ಎಲ್ಲಿ? “ಆನ್‌ಲೈನ್‌ನಲ್ಲಿ ಮಾಡಿ, ಆಟದ ಮೂಲಕ ಕಲಿಸಿ” ಎಂದು ಆದೇಶ ಬಂತು. ನನಗೆ ಸಿಕ್ಕಿದ್ದು ಚನ್ನರಾಯಪಟ್ಟಣ ತಾಲ್ಲೂಕಿನ ದಂಡಿಗನಹಳ್ಳಿ ಹೋಬಳಿಯ ಒಂದು ಊರಿನ ಮೂರನೇ ಕ್ಲಾಸು. ಊರನ್ನು ನಾನು ಕಂಡಿರಲಿಲ್ಲ, ಅವರು ನನ್ನನ್ನು ಕಂಡಿರಲಿಲ್ಲ. ಹಗಲು ಫೋನುಗಳೆಲ್ಲ ಅಪ್ಪಂದಿರ ಜೇಬಿನಲ್ಲಿ ಹೊಲಕ್ಕೋ ಕೆಲಸಕ್ಕೋ ಹೋಗಿರುತ್ತಿದ್ದವು. ಹಾಗಾಗಿ ಕ್ಲಾಸು ಸಂಜೆಗೆ. ನಮ್ಮ ಮನೆಯ ಹಿತ್ತಲಲ್ಲಿ ತೆಂಗಿನ ಗರಿ ಒಟ್ಟಿದ ಕಡೆ ಮಾತ್ರ ಸಿಗ್ನಲ್ ಬರುತ್ತಿತ್ತು. ನಾನು ಇಸ್ತ್ರಿ ಮಾಡಿದ ಸೀರೆ ಉಟ್ಟು ಗರಿಯ ಮೇಲೆ ಕೂರುತ್ತಿದ್ದೆ.

ತಾತ ಸರ್ಕಾರಿ ಬಸ್ಸಿನ ಕಂಡಕ್ಟರ್ ಆಗಿ ನಿವೃತ್ತರಾಗಿದ್ದವರು. ಮೊಮ್ಮಗಳು ನನ್ನ ಕ್ಲಾಸಿನಲ್ಲಿದ್ದಳು. ಮಗ ಸೊಸೆ ಇಬ್ಬರೂ ಗಾರ್ಮೆಂಟ್ಸಿಗೆ ಹೋಗುತ್ತಿದ್ದರಿಂದ ಫೋನು ಹಿಡಿಯುವ ಜವಾಬ್ದಾರಿ ತಾತನದು. ಹಿಡಿಯುವುದು ಮಾತ್ರ ಎಂದು ಅವರಿಗೆ ಯಾರೂ ಹೇಳಿರಲಿಲ್ಲವೇನೋ.

“ಕೆಂಪು ಬಣ್ಣದ ಏನಾದರೂ ವಸ್ತು ತಗೊಂಡು ಬನ್ನಿ” ಎಂಬುದು ನನ್ನ ಮೊದಲ ಆಟ. ಮಕ್ಕಳು ಎದ್ದು ಓಡುವ ಮೊದಲೇ ತಾತ ಕೂತಲ್ಲಿಂದಲೇ ಹಗ್ಗದ ಮೇಲಿನ ಟವೆಲ್ ಎಳೆದು ಪರದೆಗೆ ಅಡ್ಡ ಹಿಡಿದರು.

“ಫಸ್ಟು ನಾವೇ!”

“ತಾತ, ಆಟ ಮಕ್ಕಳಿಗೆ.”

“ನಮ್ಮುಡ್ಗಿ ಪರ್ವಾಗಿ ಕಣವ್ವ ನಾನು. ಬರ್ಕೋ, ಫಸ್ಟು ನಾವೇ.”

ಪಕ್ಕದಲ್ಲಿ ಮೊಮ್ಮಗಳು ಮುಖ ಊದಿಸಿಕೊಂಡು ಕೂತಿದ್ದಳು. ಅವಳ ಕೈಯಲ್ಲಿ ಕೆಂಪು ಬಳೆ ಇತ್ತು. ಅದನ್ನು ತೋರಿಸುವಷ್ಟು ಜಾಗವನ್ನೂ ತಾತ ಬಿಟ್ಟಿರಲಿಲ್ಲ.

ಇನ್ನೊಂದು ಆಟದಲ್ಲಿ ಎಲ್ಲರ ಧ್ವನಿಯನ್ನೂ ಬಂದ್ ಮಾಡಿ ಒಂದು ಮಗು ಬಾಯಿ ಮಾತ್ರ ಆಡಿಸಬೇಕು. ಅದು ಯಾವ ಪದ ಎಂದು ಉಳಿದವರು ತುಟಿ ನೋಡಿ ಹೇಳಬೇಕು. ಮಕ್ಕಳು ಉಸಿರು ಬಿಗಿ ಹಿಡಿದು ನೋಡುತ್ತಿದ್ದರು. ಅಷ್ಟರಲ್ಲಿ ತಾತ ತಮ್ಮ ಧ್ವನಿಯನ್ನು ತೆರೆದುಕೊಂಡು ಕೂಗಿದರು. “ಮಿಸ್ಸೇ, ಸೌಂಡ್ ಓಗೈತೆ ಕಣವ್ವ! ಏನೂ ಕೇಳುಸ್ತಿಲ್ಲ!”

“ಸೌಂಡ್ ಇರಬಾರದು ತಾತ, ಅದೇ ಆಟ.”

“ಸೌಂಡಿಲ್ದೆ ಅದೆಂಥ ಪಾಠ? ನಿಂಗ್ಯಾರು ಏಳ್ಕೊಟ್ಟೋರು?”

ಇದಕ್ಕಿಂತ ದೊಡ್ಡ ಕಾಟ ಅವರ ಸೀಟಿ. ಕಂಡಕ್ಟರ್ ಕೆಲಸ ಬಿಟ್ಟರೂ ಸೀಟಿ ಬಿಟ್ಟಿರಲಿಲ್ಲ. ಮಗು ಸರಿಯುತ್ತರ ಹೇಳಿದರೆ ಒಮ್ಮೆ ಊದುವುದು, “ರೈಟ್, ಓಗ್ಲಿ” ಎನ್ನುವುದು. ತಪ್ಪು ಹೇಳಿದರೆ “ಓಲ್ಡಾನ್, ಓಲ್ಡಾನ್!” ಇಯರ್‌ಫೋನ್ ಹಾಕಿಕೊಂಡಿದ್ದ ನನ್ನ ಕಿವಿ ಗುಂಯ್ ಎನ್ನುತ್ತಿತ್ತು. ನಾನು ಎಷ್ಟೇ “ಶಭಾಷ್” ಎಂದರೂ ಮಕ್ಕಳು ನಗುತ್ತಿರಲಿಲ್ಲ, ಸೀಟಿಗೆ ಕಾಯುತ್ತಿದ್ದರು. ಹದಿನೈದು ವರ್ಷ ಓದಿದವಳು ನಾನು, ಮಾರ್ಕ್ಸು ಕೊಡುವವರು ಅವರು.

ಇದನ್ನೆಲ್ಲ ಸಹಿಸಿಕೊಂಡೆ. ಸಹಿಸಲಾಗದೆ ಹೋದದ್ದು ಅವರು ಜನ ಹತ್ತಿಸಿಕೊಳ್ಳಲು ಶುರುಮಾಡಿದಾಗ. ಒಂದು ಸಂಜೆ ತಾತನ ಪರದೆಯಲ್ಲಿ ಮೊಮ್ಮಗಳ ಜೊತೆ ಇನ್ನಿಬ್ಬರು ಮಕ್ಕಳಿದ್ದರು. ಮಾರನೆಯ ದಿನ ಹಿಂದೆ ಒಂದು ಸಾಲು ನಿಂತಿತ್ತು. ಫೋನಿಲ್ಲದ ಮನೆಗಳ ಮಕ್ಕಳು. ತಾತ ಬೀದಿಗೆ ಹೋಗಿ ಕರೆದುಕೊಂಡು ಬಂದು ತಮ್ಮ ಜಗಲಿಯ ಮೇಲೆ ನಿಲ್ಲಿಸಿಕೊಂಡಿದ್ದರು. “ಒಳಿಕ್ ಬನ್ನಿ, ಒಳಿಕ್ ಬನ್ನಿ, ಬಾಗ್ಲಲ್ಲಿ ನಿಂತ್ಕೋಬೇಡ ಲೇ” ಎಂದು ಅವರನ್ನು ಒತ್ತರಿಸುತ್ತಿದ್ದರು.

ನಮ್ಮ ಕಾಲೇಜಿನ ನಿಯಮ ಬೇರೆ. ಪರದೆಯ ಮೇಲೆ ಒಂದು ಮಗು, ಒಂದು ಕಿಟಕಿ. ಪ್ರತಿ ಮಗುವೂ ತಾನೇ ಉತ್ತರ ಕೊಟ್ಟದ್ದು ಕಾಣಬೇಕು. ನಾನು ತಾತನಿಗೆ ಫೋನ್ ಮಾಡಿ ಬಿಡಿಸಿ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು, “ಕೈ ತೋರ್ಸಿದ್ರೆ ನಿಲ್ಲುಸ್ಬೇಕು ಕಣವ್ವ” ಎಂದರು.

“ಇದು ಬಸ್ಸಲ್ಲ ತಾತ. ನನ್ನ ಪರೀಕ್ಷೆ.”

“ನಿನ್ ಪರೀಕ್ಷೆಗೇನಾಯ್ತದೆ? ಅವು ಸುಮ್ನೆ ನಿಂತ್ಕೊಂಡಿರ್ತವೆ.”

ಅವು ಸುಮ್ಮನೆ ನಿಂತುಕೊಳ್ಳುತ್ತಿರಲಿಲ್ಲ ಎಂಬುದು ಬೇರೆ ಮಾತು.

ಕೊನೆಯ ಪಾಠ ಹತ್ತಿರ ಬಂತು. ಅಳತೆಯ ಪಾಠ. ಅದಕ್ಕೆ ಮೊದಲೊಂದು ಸಲ ಆಡಿಸಿ ನೋಡೋಣವೆಂದು ಶುಕ್ರವಾರ ಸಂಜೆ ಇಟ್ಟುಕೊಂಡೆ. ಪಾಠದ ಯೋಜನೆಯಲ್ಲಿ ಹೀಗೆ ಬರೆದಿದ್ದೆ: ‘ಮಕ್ಕಳು ಮನೆಯಿಂದ ಒಂದು ದೊಡ್ಡ, ಒಂದು ಸಣ್ಣ ಪಾತ್ರೆ ತರುವರು. ಬೋರಲು ಹಾಕಿ ಖಾಲಿ ಇದೆಯೆಂದು ತೋರಿಸುವರು.’ ಪುಸ್ತಕದಲ್ಲಿ ಹಾಗೇ ಇತ್ತು. ಕಾಲೇಜೂ ಸಹಿ ಹಾಕಿತ್ತು.

ಮಕ್ಕಳು ಲೋಟ ತಂದರಾ? ಚೊಂಬು ತಂದರಾ? ಇಲ್ಲ. ಒಬ್ಬಳು ಅಡುಗೆಮನೆಯಿಂದ ಹಿತ್ತಾಳೆಯ ಸೇರು, ಪಾವು ಹೊತ್ತು ತಂದಳು. ಅವಳನ್ನು ನೋಡಿ ಎಲ್ಲರೂ ಓಡಿ ಸೇರು, ಪಾವು ತಂದರು. ಶುಕ್ರವಾರ, ದೀಪ ಹಚ್ಚುವ ಹೊತ್ತು. “ಎಲ್ಲಿ, ಬೋರಲು ಹಾಕಿ ತೋರಿಸಿ” ಎಂದೆ ನಾನು, ಹಾಳೆ ನೋಡಿಕೊಂಡು. ಠಣ್ ಠಣ್ ಠಣ್ ಎಂದು ಇಡೀ ಕ್ಲಾಸಿನ ಸೇರುಗಳು ಬೋರಲು ಬಿದ್ದವು.

ಧಾನ್ಯ ಅಳೆಯುವ ಸೇರನ್ನು ಖಾಲಿ ಇಡಬಾರದು, ಬೋರಲು ಹಾಕಿದರಂತೂ ಮನೆಗೆ ದರಿದ್ರ ಎಂದು ನಮ್ಮವ್ವನಿಂದ ಬೈಸಿಕೊಂಡೇ ಬೆಳೆದವಳು ನಾನು. ಅವತ್ತು ನನ್ನ ತಲೆಯಲ್ಲಿ ಇದ್ದದ್ದು ‘ಪಾತ್ರೆ’. ಅದು ಸೇರು ಎಂದು ಹೊಳೆಯುವ ಹೊತ್ತಿಗೆ ಒಂದೊಂದು ಕಿಟಕಿಯಲ್ಲೂ ಒಬ್ಬೊಬ್ಬ ಅಜ್ಜಿ ಕಾಣಿಸಿಕೊಂಡಿದ್ದರು.

“ಅಯ್ಯೋ ನಿನ್ ಕೈ ಸೇದೋಗ! ದೀಪ ಅಚ್ಚೋ ಒತ್ನಲ್ಲಿ ಸೇರು ಬೋರ್ಲಾಕ್ತಿಯಾ?”

“ಮಿಸ್ಸು ಏಳಿದ್ದು ಕಣಜ್ಜಿ!”

“ಯಾವಳ್ಲಾ ಅವ್ಳು ಮಿಸ್ಸು? ಹೊಳೇನರಸೀಪುರದ ಕಡೆ ಸೇರು ಪಾವು ಕಂಡಿಲ್ವಾ? ಕೊಡು ಇಲ್ಲಿ ಫೋನಾ!”

ಎಲ್ಲರಿಗಿಂತ ಜೋರಾಗಿ ಕೂಗಿದ್ದು ಕಂಡಕ್ಟರ್ ತಾತನ ಹೆಂಡತಿ. ಕಿಟಕಿಗಳು ಒಂದೊಂದಾಗಿ ಆರಿಹೋದವು. ಮಾರನೆಯ ಸಂಜೆ ಕ್ಲಾಸಿಗೆ ಒಂದು ಮಗುವೂ ಬರಲಿಲ್ಲ. ಅದರ ಮಾರನೆಯ ಸಂಜೆಯೂ ಇಲ್ಲ. ಮಕ್ಕಳಿಲ್ಲದಿದ್ದರೆ ಪಾಠವಿಲ್ಲ, ಪಾಠವಿಲ್ಲದಿದ್ದರೆ ಪಾಸಿಲ್ಲ, ಆಮೇಲೆ ಅಪ್ಪ ಹೇಳಿದ ಹಾಗೆ.

ಬೇರೆ ದಾರಿ ಕಾಣದೆ ತಾತನಿಗೆ ಫೋನ್ ಮಾಡಿದೆ. ಅವರು ಮೊದಲು ಹೊಟ್ಟೆ ತುಂಬ ನಕ್ಕರು. ಆಮೇಲೆ ಹೇಳಿದರು. “ನಾನು ಮನ್ಮನೆಗೂ ಓಗಿ ಮಾತಾಡಿವ್ನಿ. ಪಾಪ, ಹೊಸಾ ಹುಡ್ಗಿ, ಮನೇಲಿ ಏನೂ ಏಳ್ಕೊಟ್ಟಿಲ್ಲ, ತಪ್ಪಾಯ್ತು ಅಂತಾಳೆ ಅಂದೆ.”

“ತಾತ! ನಮ್ಮ ಮನೇಲಿ ಹೇಳ್ಕೊಟ್ಟಿಲ್ಲ ಅಂತ ಯಾಕೆ ಹೇಳಿದ್ರಿ?”

“ಏಳ್ಕೊಟ್ಟಿದ್ರೂ ಬೋರ್ಲಾಕ್ಸಿದ್ಲು ಅಂದ್ರೆ ಇನ್ನೂ ಕೇಡಲ್ವೇನವ್ವ? ನಾಳೆ ಸಂಜೆ ನಿಮ್ಮನೆ ಸೇರಿಗೆ ರಾಗಿ ತುಂಬು, ಕುಂಕುಮ ಇಡು, ಫೋನ್ ಮುಂದೆ ಇಕ್ಕು. ನಮ್ಮ ಹೆಂಗುಸ್ರು ನೋಡ್ಲಿ.”

ಬಿ.ಎ. ಮಾಡಿದವಳು ಸೇರಿಗೆ ಕುಂಕುಮ ಇಟ್ಟು ಕ್ಯಾಮೆರಾ ಮುಂದೆ ಕೂತೆ. ಅವ್ವನಿಗೆ ಮಾತ್ರ ಎಲ್ಲಿಲ್ಲದ ಹುರುಪು, ಸೇರನ್ನು ಹುಣಸೇಹಣ್ಣು ಹಚ್ಚಿ ಫಳಫಳ ಮಾಡಿ ತಂದಿಟ್ಟಿದ್ದಳು. ತಾತನ ಫೋನಿನಲ್ಲಿ ಅಜ್ಜಿಯರ ಮುಖಗಳು ಒಂದರ ಮೇಲೊಂದು ಬಂದವು.

“ಹಿತ್ತಾಳೆದಾ, ಕಬ್ಬಣದ್ದಾ?” ಎಂದರು ತಾತನ ಹೆಂಡತಿ.

“ಹಿತ್ತಾಳೆದು ಅಜ್ಜಿ.”

“ಊಂ. ಚೆನ್ನಾಗೈತೆ.”

ಅಲ್ಲಿಗೆ ರಾಜಿಯಾಯಿತು. ಆದರೆ ಷರತ್ತು ಅವರದು. ಫೋನುಗಳನ್ನು ಬೇರೆ ಬೇರೆ ಮನೆಯಲ್ಲಿ ಕೊಡುವುದಿಲ್ಲ. ಮಕ್ಕಳೆಲ್ಲ ತಾತನ ಜಗಲಿಯ ಮೇಲೆ, ಅಜ್ಜಿಯರ ಕಣ್ಣೆದುರಿಗೇ ಆಡಬೇಕು. ಸೇರು ತುಂಬಿರಬೇಕು. ಪೂರ್ತಿ ಖಾಲಿ ಮಾಡುವಂತಿಲ್ಲ. ಎಂದರೆ ಒಂದೇ ಕಿಟಕಿ, ಊರ ಮಕ್ಕಳೆಲ್ಲ ಒಳಗೆ. ಕಾಲೇಜಿನ ನಿಯಮಕ್ಕೆ ಇದಕ್ಕಿಂತ ವಿರುದ್ಧವಾದದ್ದು ಇನ್ನೊಂದಿರಲಿಲ್ಲ.

ಕೊನೆಯ ಪಾಠದ ದಿನ ಹಾಸನದಿಂದ ಮೇಡಂ ಆನ್‌ಲೈನ್‌ನಲ್ಲಿ ಬಂದು ಕೂತರು. ಜಗಲಿ ನೋಡಿ ಅವರ ಹುಬ್ಬು ಮೇಲೇರಿತು.

“ಉಳಿದ ಮಕ್ಕಳ ಕಿಟಕಿಗಳು ಎಲ್ಲಮ್ಮ? ಇದು ಆನ್‌ಲೈನ್ ತರಗತಿ ಹೇಗಾಗುತ್ತೆ?”

ಯಾರೂ ಕೇಳದಿದ್ದರೂ ತಾತನೇ ಉತ್ತರ ಕೊಟ್ಟರು. “ಮೇಡಮ್ನೋರೆ, ಬಸ್ಸಲ್ಲಿ ಸೀಟಿಗಿಂತ ಜನ ಜಾಸ್ತಿ ಇರ್ತಾರೆ. ಅದ್ನ ಬಸ್ಸಲ್ಲ ಅಂತೀರಾ?”

ಕೆಲಸ ಕೆಟ್ಟಿತು ಎಂದುಕೊಂಡೆ. ಮೇಡಂ ಪೆನ್ನು ಕೈಗೆತ್ತಿಕೊಂಡರು. “ಶುರುಮಾಡಿ” ಎಂದರು.

ಆಟ ಸುಲಭ. ಸೇರಿನಲ್ಲಿರುವ ರಾಗಿ ಎಷ್ಟು ಪಾವು ಆಗಬಹುದು? ಮಕ್ಕಳು ಮೊದಲು ಬೆರಳಲ್ಲಿ ತೋರಿಸಬೇಕು, ಆಮೇಲೆ ಸುರಿದು ನೋಡಬೇಕು. ಜಗಲಿ ತುಂಬ ಬೆರಳುಗಳೆದ್ದವು. ಎರಡು ಎಂದವರು, ಐದು ಎಂದವರು, ಪಕ್ಕದವನ ಬೆರಳು ಮಡಚುವವರು. ತಾತನೂ ನಾಲ್ಕು ಬೆರಳು ಎತ್ತಿದ್ದರು, ಕ್ಯಾಮೆರಾಗೆ ಅಡ್ಡವಾಗಿ. ಮೊಮ್ಮಗಳು ಸುರಿಯತೊಡಗಿದಳು. ಒಂದು ಪಾವು ತುಂಬಿತು, ಎರಡು, ಮೂರು. ಅಜ್ಜಿಯರು “ಬುಡು, ಬುಡು, ತಳದಲ್ಲಿ ಬುಡು!” ಎಂದು ಕೂಗಿದರು. ನಾಲ್ಕನೇ ಪಾವು ತುಂಬಲಿಲ್ಲ.

ಮೇಡಂ ಮುಂದೆ ಬಾಗಿದರು. “ಒಂದು ಸೇರಿಗೆ ನಾಲ್ಕು ಪಾವು ಅಲ್ವಾ? ಯಾಕೆ ಕಮ್ಮಿ ಬಂತು, ಮಕ್ಕಳೇ?”

ನನ್ನ ಯೋಜನೆಯ ಹಾಳೆಯಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ಜಗಲಿಯ ಮೇಲೆ ಪಿಸಪಿಸ. ಹಿಂದಿನ ಸಾಲಿನಿಂದ, ನನ್ನ ಹಾಜರಿಯಲ್ಲಿ ಹೆಸರೇ ಇಲ್ಲದ ಒಬ್ಬ ಹುಡುಗಿ ಕತ್ತು ಚಾಚಿದಳು.

“ಸೇರಲ್ಲಿ ಒಂದಿಡಿ ಬುಟ್ಟಿದ್ದೀವಲ್ಲ ಮಿಸ್, ಅಷ್ಟೇ ಇಲ್ಲಿ ಕಮ್ಮಿ ಆಗಿರೋದು.”

“ಅದನ್ನೂ ಹಾಕಿದ್ರೆ?”

“ತುಂಬ್ತದೆ. ಆದ್ರೆ ಆಕಂಗಿಲ್ಲ, ಅಜ್ಜಿ ಒಡೀತದೆ.”

ಮೇಡಂ ಬಾಯಿ ತೆರೆಯುವ ಮೊದಲೇ ಸೀಟಿ ಕೂಗಿತು. “ರೈಟ್, ಓಗ್ಲಿ!” ನಾನು ಕಣ್ಣು ಮುಚ್ಚಿಕೊಂಡೆ. ತೆರೆದಾಗ ಮೇಡಂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. “ಆ ಹಿಂದಿರೋ ಮಗು ಹೆಸರು ಹಾಜರಿಯಲ್ಲಿ ಸೇರಿಸಿಕೊಳ್ಳಿ” ಎಂದಷ್ಟೇ ಹೇಳಿ ಹೊರಟುಹೋದರು. ನಾನು ಪಾಸಾದೆ. ಒಳ್ಳೆಯ ಅಂಕಗಳೇ ಬಂದವು.

ತಾತನಿಗೆ ಫೋನ್ ಮಾಡಿ ಹೇಳಿದರೆ, “ನಾನು ಆಗಲ್ಲ ಅಂತ ಯಾವತ್ತು ಅಂದೆ?” ಎಂದು ನನ್ನನ್ನೇ ದಬಾಯಿಸಿದರು. ಸರ್ಟಿಫಿಕೇಟು ಬಂದ ದಿನ ತಂದು ತೋರಿಸಬೇಕು ಎಂದು ಕಟ್ಟಪ್ಪಣೆ ಮಾಡಿದರು. ಮುಖಾಮುಖಿ ನಾವು ಒಮ್ಮೆಯೂ ಭೇಟಿಯಾಗಿರಲಿಲ್ಲ.

ಸರ್ಟಿಫಿಕೇಟು ಇವತ್ತು ನಾಳೆ ಎಂದು ಎಳೆಯಿತು. ಅಷ್ಟರಲ್ಲಿ ಶಾಲೆಗಳು ತೆರೆದವು. ಒಂದು ಮಧ್ಯಾಹ್ನ ನಮ್ಮ ಹಳೆಯ ಕ್ಲಾಸಿನ ಗ್ರೂಪಿಗೆ ತಾತನ ನಂಬರಿನಿಂದ ಸಂದೇಶ ಬಂತು. ಬರೆದವಳು ಮೊಮ್ಮಗಳು. ‘ಮಿಸ್, ತಾತ ಹೋಗ್ಬಿಟ್ರು.’ ಎದೆ ನೋವು ಎಂದು ಆಸ್ಪತ್ರೆಗೆ ಕರೆದುಕೊಂಡು ಹೋಗುವಾಗ ದಾರಿಯಲ್ಲೇ ಹೋದರಂತೆ. ನನಗೆ ಅಳುವುದಕ್ಕೂ ಆಗದಷ್ಟು ಸಿಟ್ಟು ಬಂತು. ಇಷ್ಟು ದಿನ ಎಲ್ಲದಕ್ಕೂ ನುಗ್ಗಿದವರಿಗೆ ಇನ್ನೊಂದಿಷ್ಟು ದಿನ ಕಾಯಲು ಏನಾಗಿತ್ತು?

ಹಾಸನದ ಕಾಲೇಜಿನಲ್ಲಿ ಸಹಿ ಹಾಕಿಸಿಕೊಂಡು ಸರ್ಟಿಫಿಕೇಟು ನನ್ನ ಕೈಗಿಟ್ಟ ದಿನ, ನಾನು ಮನೆಗೆ ಹೋಗಲಿಲ್ಲ. ಚನ್ನರಾಯಪಟ್ಟಣದ ಬಸ್ಸು ಹತ್ತಿ, ಇಳಿದು, ದಾರಿ ಕೇಳಿಕೊಂಡು ಆ ಊರಿಗೆ ಹೋದೆ. ಜಗಲಿ ನಾನು ಅಂದುಕೊಂಡಿದ್ದಕ್ಕಿಂತ ತುಂಬ ಚಿಕ್ಕದಿತ್ತು. ಅಷ್ಟು ಮಕ್ಕಳು ಅಲ್ಲಿ ಹೇಗೆ ಹಿಡಿಸಿದ್ದರೋ ತಿಳಿಯಲಿಲ್ಲ. ಅಜ್ಜಿ ಕೈ ಒರೆಸಿಕೊಂಡು ಬಂದು ಸರ್ಟಿಫಿಕೇಟು ತೆಗೆದುಕೊಂಡರು. ಅವರಿಗೆ ಓದು ಬಾರದು. ಮೊಮ್ಮಗಳು ಬೆರಳಿಟ್ಟು ಓದಿದಳು. ನನ್ನ ಹೆಸರು, ನಮ್ಮ ಅಪ್ಪನ ಹೆಸರು, ಕಾಲೇಜಿನ ಹೆಸರು.

“ಆಮೇಲೆ?” ಎಂದರು ಅಜ್ಜಿ.

“ಅಷ್ಟೇ ಅಜ್ಜಿ.”

ಅಜ್ಜಿ ಹಾಳೆಯನ್ನು ತಿರುಗಿಸಿ ಹಿಂಬದಿ ನೋಡಿದರು. ಮತ್ತೆ ಮುಂದಕ್ಕೆ ತಿರುಗಿಸಿ ನನ್ನ ಕಡೆ ಚಾಚಿದರು. “ಸಂಜೆ ಆದ್ರೆ ಕಾಫಿನೂ ಕುಡೀದೆ ಆ ಫೋನ್ ಇಡ್ಕೊಂಡು ಬಾಯ್ ಬಡ್ಕೊತಿದ್ದೋರು ಅವ್ರು. ಅವ್ರೆಸ್ರು ಯಾಕ್ ಆಕಿಲ್ವವ್ವ ಇದ್ರಲ್ಲಿ?”