ಉಪ್ಪು ಬಿಯರಿನ ಸಾಕ್ಷಿ

ಬಾಯಿಗೆ ಹಾಕಿಕೊಂಡದ್ದನ್ನು ನುಂಗುವುದೋ ಉಗುಳುವುದೋ ಎಂದು ಎಪ್ಪತ್ತಾರನೆಯ ವಯಸ್ಸಿನಲ್ಲಿ ನಾನು ಯೋಚಿಸಬೇಕಾಗಿ ಬಂದದ್ದು ಈ ಪರದೇಶದ ಮಾರ್ಕಮ್‌ನಲ್ಲಿ, ನಲವತ್ತು ವರ್ಷಗಳ ಹಳೆಯ ಗೆಳೆಯನೊಬ್ಬನ ಅಡುಗೆಮನೆಯ ಮೇಜಿನ ಮುಂದೆ. ಲೋಟದಲ್ಲಿದ್ದುದು ಬಿಯರು. ಮೂರು ದಿನ ಹೊರಗಿಟ್ಟ ಮಜ್ಜಿಗೆಗೆ ಕಲ್ಲುಪ್ಪು ಹಾಕಿ, ಸಾರಿನ ಪುಡಿ ತೆಗೆದ ಚಮಚವನ್ನು ತೊಳೆಯದೆ ಅದರಲ್ಲಿ ಕದಡಿದರೆ ಹೇಗಿರುತ್ತದೋ ಹಾಗಿತ್ತು. ಮಜ್ಜಿಗೆಯಾದರೆ ಒಗ್ಗರಣೆ ಹಾಕಿಯಾದರೂ ಉಳಿಸಿಕೊಳ್ಳಬಹುದು; ಇದಕ್ಕೆ ಆ ಆಸೆಯೂ ಇರಲಿಲ್ಲ.

"ಮಾರಿ ಯಾಕ ಹಂಗ ಮಾಡಿದಿ? ಹುಳಿ ಅದ ಹೌದಲ್ಲೊ?" ಎಂದ ಗೆಳೆಯ. ಧಾರವಾಡದ ಕಡೆಯವನು; ಇಲ್ಲಿನ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತನಾದವನು.

"ಹುಳಿಯಲ್ಲ, ಹಳಸಿದೆ," ಎಂದೆ.

"ಉಪ್ಪು?"

"ಅದೂ ಇದೆ."

"ಕೇಳಿದೇನು?" ಎಂದು ಅವನು ಹೆಂಡತಿಯ ಕಡೆ ತಿರುಗಿದ. ಅತ್ತಿಗೆ ಕೇಳಿಸಿದರೂ ಕೇಳಿಸದವರಂತೆ ಒಲೆಯ ಮುಂದೆಯೇ ನಿಂತಿದ್ದರು.

ಹಿಂದಿನ ಚಳಿಗಾಲದಲ್ಲಿ ನ್ಯೂಮಾರ್ಕೆಟ್‌ನ ಆಸ್ಪತ್ರೆಯಲ್ಲಿ ಅವನ ಗಂಟಲಿಗೆ ರೇಡಿಯೇಷನ್ ಕೊಟ್ಟಿದ್ದರು. ಗಡ್ಡೆ ಹೋಯಿತು, ಅದರೊಡನೆ ರುಚಿಯೂ ಹೋಯಿತು. ಮರಳಬಹುದು, ಮರಳದೆಯೂ ಇರಬಹುದು ಎಂದಿದ್ದರು ವೈದ್ಯರು. ಊಟವೆಂದರೆ ಒದ್ದೆ ಕಾಗದ ಅಗಿದಂತೆ ಎನ್ನುತ್ತಿದ್ದ. ಅವನ ಕಾಲರಿನೊಳಗೆ ಇನ್ನೊಂದು ಕತ್ತು ಹಿಡಿಸುವಷ್ಟು ಜಾಗವಾಗಿತ್ತು. ಬೇಸಿಗೆಯಲ್ಲೊಂದು ದಿನ ಅತ್ತಿಗೆಯನ್ನು ಸಂತೋಷಪಡಿಸಲೆಂದು, ಸಾರು ಬಹಳ ಚೆನ್ನಾಗಿದೆ, ಎಲ್ಲ ರುಚಿಯೂ ಹತ್ತಿತು ಎಂದು ಎರಡು ಸಲ ಹಾಕಿಸಿಕೊಂಡು ಉಂಡ. ಆಮೇಲೆ ತಾವು ಊಟಕ್ಕೆ ಕುಳಿತ ಅತ್ತಿಗೆಗೆ, ಅಂದು ಸಾರಿಗೆ ಉಪ್ಪನ್ನೇ ಹಾಕಿರಲಿಲ್ಲವೆಂಬುದು ತಿಳಿಯಿತು. ಅಂದಿನಿಂದ ರುಚಿಯ ವಿಷಯದಲ್ಲಿ ಅವನ ಒಂದು ಮಾತನ್ನೂ ಆಕೆ ನಂಬಲಿಲ್ಲ. ಈಗ ಪಕ್ಕದ ಮನೆಯವರು ಕೊಟ್ಟ ಬಿಯರಿನ ಡಬ್ಬಿಗಳಲ್ಲಿ ಒಂದನ್ನು ತೆರೆದು, ನಾಲಿಗೆಗೆ ಮುಟ್ಟಿಸಿಕೊಂಡು, ಉಪ್ಪೂ ಹುಳಿಯೂ ಹತ್ತಿದವೆಂದು ಅವನು ಹೇಳಿದಾಗ, "ಡಬ್ಬಿ ಮ್ಯಾಲ ಬರದದ್ದು ಓದಿ ಹೇಳ್ತೀರಿ," ಎಂದುಬಿಟ್ಟಿದ್ದರು.

ನನ್ನನ್ನು ಕರೆಸಿದ್ದು ಅದಕ್ಕೇ. "ನೀ ಯಾರ ಮಾತೂ ನಂಬಂಗಿಲ್ಲ. ನೀ ಹೌದಂದ್ರ ಇಕಿ ನಂಬ್ತಾಳ," ಎಂದ.

ಅವನು ಹೇಳಿದ್ದು ಸುಳ್ಳಲ್ಲ. ನಾನು ಹತ್ತನೆಯ ತರಗತಿಗೆ ಶಾಲೆ ಬಿಟ್ಟವನು. ದುಡಿಯುವ ಕಾಲದಲ್ಲಿ ಹಗಲೆಲ್ಲ ಮೋಟಾರು ಬಿಡಿಭಾಗಗಳ ಕಾರ್ಖಾನೆಯಲ್ಲಿ ತಪಾಸಣೆಯ ಕೆಲಸ, ಸಂಜೆ ಥಾರ್ನ್‌ಕ್ಲಿಫ್ ಪಾರ್ಕಿನ ಗ್ರಂಥಾಲಯ. ಎರಡೂ ಕಡೆ ನಾನು ಕಲಿತದ್ದು ಒಂದೇ: ಬರೆದಿದೆ ಎಂಬ ಕಾರಣಕ್ಕೆ ಯಾವುದೂ ನಿಜವಾಗುವುದಿಲ್ಲ. ಡಬ್ಬಿಯನ್ನೂ ಹಾಗೆಯೇ ಓದಿದೆ. ಗೋಸ ಎಂಬ ಹಳೆಯ ಜರ್ಮನ್ ಬಗೆಯ ಬಿಯರಂತೆ. ಮಾಡಿದವರು ಐರ್ಲೆಂಡಿನ ಸಣ್ಣದೊಂದು ಬ್ರೂವರಿಯವರು. ನದಿಯ ನೀರೇ ಉಪ್ಪಾಗಿದ್ದ ಊರೊಂದರಲ್ಲಿ ಶತಮಾನಗಳ ಹಿಂದೆ ಹುಟ್ಟಿತಂತೆ. ನೀರು ಅಷ್ಟು ಉಪ್ಪಾಗಿದ್ದರೆ ಆ ಜನ ಬಿಯರು ಮಾಡುತ್ತ ಕೂರುತ್ತಿರಲಿಲ್ಲ, ಬೇರೆ ಬಾವಿ ತೋಡುತ್ತಿದ್ದರು. ಕೆಟ್ಟುಹೋದ ಬಿಯರನ್ನು ಚೆಲ್ಲಲು ಮನಸ್ಸು ಬಾರದ ಯಾವನೋ ಅದಕ್ಕೆ ಉಪ್ಪನ್ನೂ ಕೊತ್ತಂಬರಿ ಬೀಜವನ್ನೂ ಹಾಕಿ ಮಾರಿರಬೇಕು. ನದಿಯ ಕತೆ ಆಮೇಲೆ ಬಂದಿರಬೇಕು.

ನದಿಗೆ ತೋರಿಸದ ದಾಕ್ಷಿಣ್ಯವನ್ನು ಗೆಳೆಯನಿಗೆ ತೋರಿಸುವುದು ನ್ಯಾಯವಲ್ಲ. ಬೇಸ್‌ಮೆಂಟಿನ ಫ್ರಿಜ್ಜಿನಿಂದ ಮಾಮೂಲಿ ಬಿಯರೊಂದನ್ನು ತರಿಸಿದೆ. ಬಣ್ಣ ಕಾಣದಂತೆ ಎರಡು ಸ್ಟೀಲ್ ಲೋಟ ಇಟ್ಟುಕೊಂಡೆ. ಅವನ ಕಣ್ಣಿಗೆ ಟವೆಲು ಕಟ್ಟಿ, ಮೂಗು ಹಿಡಿದುಕೊಳ್ಳಲು ಹೇಳಿ, ಮುಂದೆ ಬಟ್ಟಲಿಟ್ಟೆ. ನುಂಗುವಂತಿಲ್ಲ, ಬಾಯಿ ಒದ್ದೆ ಮಾಡಿಕೊಂಡು ಉಗುಳಬೇಕು. ಅಳತೆಯ ಉಪಕರಣವನ್ನು ತಾನು ಪರೀಕ್ಷಿಸದೆ ಅಳೆಯಕೂಡದು ಎಂಬುದು ಕಾರ್ಖಾನೆಯ ಕಟ್ಟಳೆ. ಆದ್ದರಿಂದ ಪ್ರತಿ ಸಲವೂ ಮೊದಲ ಗುಟುಕು ನನ್ನದು. ಎರಡನೆಯ ಗುಟುಕಿಗೆ ದವಡೆಯ ಮೂಲೆಗಳು ಜುಮ್ಮೆಂದವು.

"ಇದು ಸಪ್ಪ," ಎಂದ ಗೆಳೆಯ. ಸರಿಯಾಗಿತ್ತು. "ಇದು ಹುಳಿ, ಇದ ಅದು." ಅದೂ ಸರಿಯಾಗಿತ್ತು. ಲೋಟಗಳನ್ನು ಅದಲುಬದಲು ಮಾಡಿದೆ, ತಪ್ಪಲಿಲ್ಲ. ಎರಡರಲ್ಲಿ ಒಂದನ್ನು ಊಹಿಸಿ ಗೆಲ್ಲುವುದು ಕಷ್ಟವೇನಲ್ಲ. ಆದ್ದರಿಂದ ಮೂರನೆಯ ಸರದಿಯಲ್ಲಿ ಎರಡು ಲೋಟಕ್ಕೂ ಮಾಮೂಲಿ ಬಿಯರನ್ನೇ ಸುರಿದು, ಈಗ ಹುಳಿ ಯಾವುದು ಹೇಳು ಎಂದೆ. ಅತ್ತಿಗೆ ಒಲೆ ಆರಿಸಿ ಹತ್ತಿರ ಬಂದರು.

ಅವನು ಒಂದರಿಂದ ಬಾಯಿ ಒದ್ದೆ ಮಾಡಿಕೊಂಡ. ಇನ್ನೊಂದರಿಂದ ಮಾಡಿಕೊಂಡ. ಮತ್ತೆ ಮೊದಲನೆಯದಕ್ಕೆ ಹೋದ.

"ಹೋತು," ಎಂದ ಮೆಲ್ಲಗೆ. "ಎರಡೂ ಸಪ್ಪ ಅವ." ಆಮೇಲೆ ಮೂಗು ಬಿಟ್ಟು, ಟವೆಲು ಕಿತ್ತೆಸೆದ. "ಲೇ, ಎರಡೂ ಒಂದ ಹಾಕೀಯೇನು? ನಲವತ್ತು ವರ್ಷದ ದೋಸ್ತಗ ಮೋಸ ಮಾಡ್ತೀಯಲೇ?"

"ನೀನು ಉಪ್ಪಿಲ್ಲದ ಸಾರನ್ನು ಹೊಗಳಿದವನು," ಎಂದೆ.

"ಕೊತ್ತಂಬರಿ ವಾಸನೀನೂ ಬಂದಿತ್ತು, ಅದನ್ನೂ ಬರಕೋ."

"ಮೂಗು ಮುಚ್ಚಿಕೊಂಡಾಗ ಬಂದ ವಾಸನೆಯನ್ನು ಬರೆದುಕೊಳ್ಳುವುದಿಲ್ಲ."

ಅತ್ತಿಗೆ ನನ್ನನ್ನೇ ನೋಡುತ್ತಿದ್ದರು. "ಖರೇ ಹೇಳ್ರಿ ಅಣ್ಣಾರ. ನನ್ನ ಸಮಾಧಾನಕ್ಕಂತ ಏನೂ ಹೇಳಬ್ಯಾಡ್ರಿ."

"ಉಪ್ಪು ಬಂದಿದೆ, ಹುಳಿ ಬಂದಿದೆ. ಕೊತ್ತಂಬರಿ ಬಂದಿಲ್ಲ, ಅದು ಡಬ್ಬಿ ಓದಿ ಹೇಳಿದ್ದು."

ಆಕೆ ಕಪಾಟಿನಿಂದ ಹುಣಸೆಹಣ್ಣು ತೆಗೆದು ಬಿಸಿನೀರಿನಲ್ಲಿ ನೆನೆಹಾಕಿದರು. ಗೆಳೆಯ ಉಳಿದ ಡಬ್ಬಿಯನ್ನು ನನ್ನತ್ತ ತಳ್ಳಿ, "ನೀನ ಮುಗಸು. ಮೋಸಕ್ಕ ದಂಡ," ಎಂದ. ಮುಗಿಸಿದೆ. ಕೊನೆಯ ಗುಟುಕು ಮೊದಲನೆಯದಕ್ಕಿಂತಲೂ ಅಸಹ್ಯವಾಗಿತ್ತು. ತಳದಲ್ಲಿ ಉಪ್ಪು ಕೂತಿತ್ತೋ ಏನೋ.

ಊಟಕ್ಕೆ ಕುಳಿತಾಗ ಅವನು ಸಾರನ್ನು ಕಲಸಿ ಒಂದು ತುತ್ತು ಬಾಯಿಗಿಟ್ಟು, "ಉಪ್ಪು ಜಾಸ್ತಿ ಆಗೇದ," ಎಂದ. ಅತ್ತಿಗೆ ನನ್ನ ಮುಖ ನೋಡಿದರು. ನನ್ನ ಬಾಯಲ್ಲಿ ಇನ್ನೂ ಆ ಬಿಯರೇ ಇದ್ದುದರಿಂದ ನಾನು ಏನನ್ನೂ ಹೇಳುವ ಹಾಗಿರಲಿಲ್ಲ. ಆಕೆ ಸೌಟಿನಿಂದ ಎರಡು ಹನಿ ಅಂಗೈಗೆ ಹಾಕಿಕೊಂಡು ನೆಕ್ಕಿದರು.

"ಹೌದ್ರಿ," ಎಂದರು.